ಟ್ರಂಕಿನಿಂದ ಪತ್ರಾಗಾರಕ್ಕೆ: ಹಳೆಯ ಕಾಗದ ದಾನ ಕೊಡಲು ಊರವರನ್ನು ಒಪ್ಪಿಸುವ, ಪಡೆಯುವ, ತಲುಪಿಸುವ ಕ್ರಮ

ಹಟ್ಟಿಹಬ್ಬಕ್ಕೆ, ಅಂದರೆ ದೀಪಾವಳಿಗೆ, ಮನೆಗೆ ಸುಣ್ಣ ಬಳಿಯುವ ಎಂಟು ದಿನ ನಮ್ಮ ಧಾರವಾಡ-ಗದಗ-ಹಾವೇರಿ ಕಡೆಯ ಇತಿಹಾಸಕ್ಕೆ ಬಹಳ ಅಪಾಯದ ದಿನಗಳು. ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯುತ್ತದೆ, ಅರಿವೆಯಲ್ಲಿ ಕಟ್ಟಿಟ್ಟ ಹಳೆಯ ಕಾಗದಗಳ ದಫ್ತರ ಅಂಗಳಕ್ಕೆ ಬರುತ್ತದೆ. ‘ಯಾರಿಗೂ ಓದಾಕ ಬರೂದಿಲ್ಲ, ಇಟಗೊಂಡು ಏನ್ ಮಾಡೂದು’ ಎಂದು ಮನೆಯಲ್ಲಿ ಯಾರೋ ಅನ್ನುತ್ತಾರೆ. ಸಂಜೆಯೊಳಗೆ ಅದು ರದ್ದಿ ಅಂಗಡಿಯ ತಕ್ಕಡಿ ಏರಿರುತ್ತದೆ. ಗೆದ್ದಲಿಗೆ ವರ್ಷಗಟ್ಟಲೆ ಬೇಕಾಗುವ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿದುಹೋಗುತ್ತದೆ.

ಆ ಮಧ್ಯಾಹ್ನಕ್ಕಿಂತ ಮೊದಲೇ ಮನೆಗಳಿಗೆ ಹೋಗಿ, ಮಾತಾಡಿ, ಕಾಗದಗಳನ್ನು ಪತ್ರಾಗಾರ (ಹಳೆಯ ದಾಖಲೆ ಕಾಪಾಡಿಡುವ ಸಂಸ್ಥೆ) ಸೇರಿಸಲು ಹೊರಟವರಿಗಾಗಿ ಇದನ್ನು ಬರೆದಿದ್ದೇವೆ: ಕಾಲೇಜಿನ ಇತಿಹಾಸ ವಿಭಾಗದವರು, ಊರ ಗ್ರಂಥಾಲಯದವರು, ಸಂಘ-ಸಂಸ್ಥೆಯವರು, ನಿವೃತ್ತ ಮಾಸ್ತರರು. ತಂತ್ರ, ಪೆಟ್ಟಿಗೆ, ಕ್ಯಾಮೆರಾ ಎಲ್ಲ ಆಮೇಲೆ. ಮೊದಲು ತಿಳಿದಿರಬೇಕಾದದ್ದು ಒಂದೇ: ಜನ ಕಾಗದ ಕೊಡದಿರುವುದು ಜಿಪುಣತನದಿಂದಲ್ಲ, ಅಂಜಿಕೆಯಿಂದ. ಹೊಲ ಹೋದೀತು, ಮನೆಯ ಮಾತು ಹೊರಬಿದ್ದೀತು, ಕೊಟ್ಟದ್ದು ತಿರುಗಿ ಕಣ್ಣಿಗೂ ಬೀಳಲಿಕ್ಕಿಲ್ಲ ಎಂಬ ಅಂಜಿಕೆ. ಇವಕ್ಕೆ ಬಾಯಿಮಾತಿನ ಭರವಸೆ ಸಾಲದು, ಬರಹದಲ್ಲಿ ಉತ್ತರ ಬೇಕು. ಕೆಳಗಿನ ಎಲ್ಲ ಹಂತಗಳೂ ಆ ಉತ್ತರ ಸಿದ್ಧಪಡಿಸುವ ಹಂತಗಳೇ.

ಮೊದಲು ಕಾಗದ ಸೇರುವ ಜಾಗ ಗೊತ್ತುಮಾಡಿ

ಸಂಗ್ರಹಕ್ಕೆ ಹೊರಟವರು ಮಾಡುವ ದೊಡ್ಡ ತಪ್ಪು ಮೊದಲು ಕೂಡಿಹಾಕಿ ಆಮೇಲೆ ಜಾಗ ಹುಡುಕುವುದು. ಆಗ ಹತ್ತು ಮನೆಯ ಗಂಟುಗಳು ಉತ್ಸಾಹಿಯೊಬ್ಬರ ಮನೆಯ ಮೂಲೆಯಲ್ಲಿ ಉಳಿಯುತ್ತವೆ. ಅವರಿಗೆ ವರ್ಗವಾದರೆ ಅಥವಾ ಅವರು ತೀರಿಕೊಂಡರೆ ಯಾರ ಗಂಟು ಯಾವುದು ಎಂದು ಹೇಳುವವರೇ ಇರುವುದಿಲ್ಲ. ಒಂದು ಟ್ರಂಕಿನಲ್ಲಿ ಕ್ಷೇಮವಾಗಿದ್ದದ್ದು ಹೀಗೆ ಹತ್ತೂರಿನದರೊಂದಿಗೆ ಬೆರೆತು ಹಾಳಾಗುತ್ತದೆ.

ಈ ಭಾಗದಲ್ಲಿ ಹೋಗಿ ವಿಚಾರಿಸಬೇಕಾದ ಜಾಗಗಳಿವೆ. ರಾಜ್ಯ ಪತ್ರಾಗಾರ ಇಲಾಖೆಯ ವಿಭಾಗೀಯ ಕಚೇರಿ ಧಾರವಾಡದಲ್ಲಿದೆ. 1939ರಲ್ಲಿ ಮುಂಬೈ ಸರಕಾರ ಶುರುಮಾಡಿದ ಕನ್ನಡ ಸಂಶೋಧನ ಸಂಸ್ಥೆ ಇಂದು ಕರ್ನಾಟಕ ವಿಶ್ವವಿದ್ಯಾಲಯದ ಭಾಗ. ಓಲೆಗರಿ, ಹಸ್ತಪ್ರತಿಗಳ ವಿಷಯಕ್ಕೆ ಅಲ್ಲಿ ಕೇಳಬೇಕು. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ ಧಾರವಾಡದ್ದೇ. ಹಳೆಯ ಪತ್ರಿಕೆ, ಸಾಹಿತ್ಯದ ಪತ್ರವ್ಯವಹಾರದ ಬಗ್ಗೆ ಅಲ್ಲಿಂದ ಮಾತು ಶುರುಮಾಡಬಹುದು. ವಚನ, ಶರಣ ಸಾಹಿತ್ಯದ ಕಟ್ಟುಗಳಿಗೆ ಗದಗಿನ ತೋಂಟದಾರ್ಯ ಮಠದ ಅಧ್ಯಯನ ಸಂಸ್ಥೆಯಿದೆ. ಹಾವೇರಿ ಕಡೆ ಲಾವಣಿ, ಸೋಬಾನೆ, ಬಯಲಾಟದ ವಹಿಗಳು ಸಿಕ್ಕರೆ ಶಿಗ್ಗಾವಿ ತಾಲೂಕಿನ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಸಮೀಪ. ರೈಲ್ವೆ ಕಾರ್ಮಿಕರ ಮನೆಯ ಪಾಸು, ಸೇವಾ ಪುಸ್ತಕ, ಫೋಟೋ ಇದ್ದರೆ ಹುಬ್ಬಳ್ಳಿಯ ರೈಲ್ವೆ ವಸ್ತುಸಂಗ್ರಹಾಲಯವನ್ನೂ ಕೇಳಿ.

ಹೆಸರು ದೊಡ್ಡದೆಂದು ಸುಮ್ಮನೆ ಒಪ್ಪಿಸಬೇಡಿ. ಖುದ್ದಾಗಿ ಹೋಗಿ ಇಷ್ಟನ್ನು ಕೇಳಿ, ಉತ್ತರವನ್ನು ಪತ್ರದಲ್ಲಿ ಪಡೆಯಿರಿ: ಖಾಸಗಿ ಮನೆತನದ ಕಾಗದ ಸ್ವೀಕರಿಸುತ್ತೀರಾ, ಯಾವ ಬಗೆಯದು ಬೇಡ? ಬಂದ ದಿನವೇ ದಾಖಲಾತಿ ಸಂಖ್ಯೆ ಕೊಡುತ್ತೀರಾ? ಒಂದು ಮನೆಯ ಕಾಗದವನ್ನು ಒಂದೇ ಕಡೆ, ಮನೆತನದ ಹೆಸರಿನಲ್ಲಿ ಇಡುತ್ತೀರಾ? ಸ್ಕ್ಯಾನ್ ಮಾಡುತ್ತೀರಾ, ಪ್ರತಿಯನ್ನು ಮನೆಯವರಿಗೆ ಕೊಡುತ್ತೀರಾ? ಓದಲು ಬಂದವರಿಗೆ ಎಂದು, ಹೇಗೆ ತೋರಿಸುತ್ತೀರಾ? ಕೆಲವು ಕಾಗದಗಳನ್ನು ಇಷ್ಟು ವರ್ಷ ಯಾರಿಗೂ ತೋರಿಸಬಾರದು ಎಂದರೆ ಪಾಲಿಸುತ್ತೀರಾ? ಕೊನೆಯ ಪ್ರಶ್ನೆಗೆ ‘ಹೌದು’ ಬಾರದ ಕಡೆ ಖಾಸಗಿ ಪತ್ರಗಳನ್ನು ಕೊಡಿಸದಿರುವುದೇ ಮೇಲು. ಕಾಗದ ಇಡುವ ಕೋಣೆಯನ್ನೂ ಕಣ್ಣಾರೆ ನೋಡಿ: ಗೋಡೆಯಲ್ಲಿ ನೀರಿನ ಕಲೆ ಇದೆಯೇ, ಪೆಟ್ಟಿಗೆಗಳು ನೆಲಕ್ಕೇ ತಾಗಿವೆಯೇ, ಕಿಟಕಿಯ ಬಿಸಿಲು ಕಪಾಟಿನ ಮೇಲೆ ಬೀಳುತ್ತದೆಯೇ.

ಏನನ್ನು ಕೇಳಬೇಕು

‘ನಿಮ್ಮಲ್ಲಿ ಐತಿಹಾಸಿಕ ದಾಖಲೆ ಇವೆಯೇ’ ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮನೆಯವರು ಇಲ್ಲ ಅನ್ನುತ್ತಾರೆ. ಅವರ ಮನಸ್ಸಿನಲ್ಲಿ ದಾಖಲೆ ಎಂದರೆ ತಾಮ್ರಪಟ, ರಾಜರ ಸನದು (ಹಕ್ಕುಪತ್ರ). ಅಪ್ಪನ ಲೆಕ್ಕದ ವಹಿ ಇತಿಹಾಸ ಎಂದು ಅವರಿಗೆ ಯಾರೂ ಹೇಳಿಲ್ಲ. ಹಾಗಾಗಿ ವಸ್ತುವಿನ ಹೆಸರು ಹಿಡಿದೇ ಕೇಳಬೇಕು, ಊರಿಗೆ ತಕ್ಕಂತೆ ಕೇಳಬೇಕು.

1956ರ ನವೆಂಬರ್ 1ರವರೆಗೆ ಇದು ಮುಂಬೈ ಆಡಳಿತದ ಧಾರವಾಡ ಜಿಲ್ಲೆ. ಗದಗ, ಹಾವೇರಿ ಬೇರೆ ಜಿಲ್ಲೆಗಳಾದದ್ದು 1997ರಲ್ಲಿ. ನಡುನಡುವೆ ಸಂಸ್ಥಾನಗಳ ತುಂಡುಗಳಿದ್ದವು: ಶಿರಹಟ್ಟಿ ಸಾಂಗಲಿಯದು, ಲಕ್ಷ್ಮೇಶ್ವರ ಮಿರಜದ್ದು, ಕುಂದಗೋಳ ಜಮಖಂಡಿಯದು, ಸವಣೂರು ನವಾಬರದು. ಆದ್ದರಿಂದ ಪಕ್ಕಪಕ್ಕದ ಎರಡು ಊರುಗಳ ಹಳೆಯ ಕಾಗದಗಳಲ್ಲಿ ಭಾಷೆ, ಲಿಪಿ, ಮೊಹರು ಬೇರೆಬೇರೆ ಇರಬಹುದು. ಮರಾಠಿ ಮೋಡಿ (ಕೂಡಿಸಿ ಬರೆಯುವ ಹಳೆಯ ಬರಹ), ಕನ್ನಡ ಮೋಡಿ, ಉರ್ದು, ಪಾರ್ಸಿ ಯಾವುದೂ ಆಶ್ಚರ್ಯವಲ್ಲ. 1950ರ ಕಾಯ್ದೆಯಿಂದ ಪರಗಣಾ ಮತ್ತು ಕುಲಕರ್ಣಿ ವತನಗಳು (ವಂಶಪಾರಂಪರ್ಯದ ಅಧಿಕಾರಗಳು) ರದ್ದಾದವು, 1952ರ ಕಾಯ್ದೆಯಿಂದ ವೈಯಕ್ತಿಕ ಇನಾಮು (ಬಳುವಳಿ ಭೂಮಿ). ಅಧಿಕಾರ ಹೋಯಿತು, ದಫ್ತರ ಆ ಮನೆತನಗಳ ವಾಡೆಯಲ್ಲೇ (ದೊಡ್ಡ ಮನೆಯಲ್ಲೇ) ಉಳಿಯಿತು. ದೇಸಾಯರ, ದೇಶಪಾಂಡೆಯವರ, ಗೌಡರ, ಕುಲಕರ್ಣಿಯವರ ಮನೆಗಳಿಗೆ ಮೊದಲು ಹೋಗುವುದು ಇದರಿಂದಲೇ.

ಅಲ್ಲಿಗೇ ನಿಂತರೆ ಮಾತ್ರ ನಿಮ್ಮ ಸಂಗ್ರಹ ವತನದಾರರ ಕಥೆಯಷ್ಟೇ ಆಗುತ್ತದೆ. ಹುಬ್ಬಳ್ಳಿಯ ಅರಳೆ, ನೂಲು, ಕಾಳಿನ ವ್ಯಾಪಾರದವರ ಕಿರ್ದಿ-ಖತಾವಣಿ (ದಿನದ ಲೆಕ್ಕ, ಖಾತೆಗಳ ಪುಸ್ತಕ) ಕೇಳಿ. ಬ್ಯಾಡಗಿಯ ದಲಾಲಿ ಅಂಗಡಿಗಳ ಹಳೆಯ ಪಟ್ಟಿಪುಸ್ತಕ ಕೇಳಿ: ಯಾವ ಊರಿನ ಮೆಣಸಿನಕಾಯಿ, ಎಷ್ಟು ಚೀಲ, ಏನು ದರ ಎಂಬುದು ಅಲ್ಲಿ ಸಿಗುವಷ್ಟು ಬೇರೆಲ್ಲೂ ಸಿಗದು. ಬೆಟಗೇರಿಯ ನೇಕಾರರ ಮನೆಯಲ್ಲಿ ಕೂಲಿ ಲೆಕ್ಕದ ಚೀಟಿ, ಸೀರೆಯ ನಮೂನೆ ಹಾಳೆ ಕೇಳಿ. ಗದಗಿನ ಹಳೆಯ ಮುದ್ರಣಾಲಯಗಳಲ್ಲಿ ಮಾದರಿಗೆಂದು ಒಂದೊಂದು ಎತ್ತಿಟ್ಟ ಲಗ್ನಪತ್ರಿಕೆ, ನಾಟಕದ ಕರಪತ್ರ, ಚುನಾವಣೆಯ ಹ್ಯಾಂಡ್‌ಬಿಲ್ ಕೇಳಿ. 1905ರಲ್ಲಿ ಕಣಗಿನಹಾಳದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಎದ್ದ ಜಿಲ್ಲೆಯಿದು. ಸೊಸೈಟಿಯ ಪಾಸ್‌ಬುಕ್ಕು, ಶೇರು ಪತ್ರಗಳು ರೈತರ ಮನೆಗಳಲ್ಲಿರುತ್ತವೆ. ಹಾವೇರಿಯ ಹಳ್ಳಿಗಳಲ್ಲಿ 1942-43ರ ಸ್ವಾತಂತ್ರ್ಯ ಚಳವಳಿಯ ಕಾಗದ ಕೇಳದೆ ಬರಬೇಡಿ: ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ಹೊಸರಿತ್ತಿಯಲ್ಲಿ ಮಡಿದದ್ದು 1943ರ ಏಪ್ರಿಲ್ 1ರಂದು. ಅಂದು ಜೈಲಿಗೆ ಹೋದವರ ಮನೆಗಳಿಗೆ ಬಂದ ಜೈಲು ಮೊಹರಿನ ಕಾರ್ಡು ಇನ್ನೂ ಎಲ್ಲೋ ದೇವರ ಮಾಡದಲ್ಲಿರಬಹುದು. 1953ರ ಹುಬ್ಬಳ್ಳಿಯ ಕರ್ನಾಟಕ ಏಕೀಕರಣದ ಗಲಭೆ, ಅದಕ್ಕಾಗಿಯೇ ಅದರಗುಂಚಿ ಶಂಕರಗೌಡ ಪಾಟೀಲರು ಮಾಡಿದ ಉಪವಾಸದ ಕಾಲದ ಕರಪತ್ರಗಳೂ ಹಾಗೆಯೇ.

ಹೆಣ್ಣುಮಕ್ಕಳ ಕಾಗದವನ್ನು ಬೇರೆಯಾಗಿಯೇ ಕೇಳಬೇಕು, ಅವರನ್ನೇ ಕೇಳಬೇಕು. ಪಡಸಾಲೆಯಲ್ಲಿ ಕುಳಿತ ಗಂಡಸರು ‘ಅವೇನ್ರೀ, ಹಾಡಿನ ವಹಿ’ ಎಂದು ತಳ್ಳಿಹಾಕುತ್ತಾರೆ. ಹಾಡಿನ ವಹಿ, ತವರಿನಿಂದ ಬಂದ ಪತ್ರ, ಮಹಿಳಾ ಮಂಡಳದ ಹಾಜರಿ, ನೂಲು ತೆಗೆದ ಲೆಕ್ಕ, ಮದ್ದಿನ ಚೀಟಿ ಎಲ್ಲವೂ ಬೇಕು. ಪಂಚಾಂಗಗಳನ್ನೂ ಬಿಡಬೇಡಿ. ಅಂಚಿನಲ್ಲಿ ಬರೆದ ‘ಇಂದು ಮಳೆ’, ‘ಎತ್ತು ಸತ್ತಿತು’, ‘ಹೆಣ್ಣು ಹುಟ್ಟಿತು’ ಎಂಬ ಸಾಲುಗಳಿಗಾಗಿ ಅವು ಬೇಕು.

ಯಾವುದು ಬೇಡ ಎಂಬುದೂ ಅಷ್ಟೇ ಸ್ಪಷ್ಟವಾಗಿರಲಿ. ಈಗ ಚಾಲ್ತಿಯಲ್ಲಿರುವ ಆಸ್ತಿಯ ಖರೀದಿ ಪತ್ರ, ವಾಟ್ನಿ (ಆಸ್ತಿ ಪಾಲಿನ) ಪತ್ರ, ಉತಾರ (ಪಹಣಿ), ಕೋರ್ಟಿನಲ್ಲಿ ನಡೆದಿರುವ ದಾವೆಯ ಕಾಗದ ಇವುಗಳ ಅಸಲನ್ನು ಕೊಟ್ಟರೂ ಪಡೆಯಬೇಡಿ. ಸರಕಾರಿ ಕಚೇರಿಯ ಮೊಹರು, ಕಡತ ಸಂಖ್ಯೆ ಇರುವ ಕಟ್ಟು ಸಿಕ್ಕರೆ ಅದು ಮನೆಯವರು ದಾನ ಕೊಡಬಹುದಾದ ಸ್ವತ್ತಲ್ಲದಿರಬಹುದು. ಪ್ರತ್ಯೇಕವಾಗಿಟ್ಟು ವಿಭಾಗೀಯ ಪತ್ರಾಗಾರ ಕಚೇರಿಯನ್ನು ಕೇಳಿ.

ಮೊದಲ ಭೇಟಿ: ಏನನ್ನೂ ತರಬೇಡಿ

ಊರಿಗೆ ಇಬ್ಬರು ಹೋಗಿ. ಅವರಲ್ಲಿ ಒಬ್ಬರು ಆ ಊರಿನವರೋ ಬೀಗರೋ ಆಗಿರಲಿ, ಒಬ್ಬ ಹೆಣ್ಣುಮಗಳಿದ್ದರೆ ಇನ್ನೂ ಒಳ್ಳೆಯದು. ಖಾಲಿ ಕೈಯಲ್ಲಿ ಹೋಗಿ ಖಾಲಿ ಕೈಯಲ್ಲೇ ಬರಬೇಕು. ಚೀಲ ಹಿಡಿದು ಹೋದವರ ಮುಂದೆ ಟ್ರಂಕು ತೆರೆಯುವುದಿಲ್ಲ.

ಮಾತು ಕಾಗದದಿಂದ ಶುರುವಾಗದೆ ಮನೆಯಿಂದ ಶುರುವಾಗಲಿ. ‘ಅಜ್ಜಾರ, ಈ ವಾಡೇ ಯಾರ ಕಾಲದಾಗ ಕಟ್ಟಿದ್ದ್ರಿ?’ ಎಂದರೆ ಅರ್ಧ ಗಂಟೆಯಲ್ಲಿ ‘ಅದರದೊಂದು ಕಾಗದ ಐತ್ರಿ ಒಳಗ’ ಎಂಬ ಮಾತು ತಾನಾಗಿ ಬರುತ್ತದೆ. ಆಗಲೂ ‘ತೋರಿಸ್ರಿ’ ಎಂದು ಅವಸರ ಬೇಡ. ‘ಮುಂದಿನ ಸಲ ಬಂದಾಗ ನೋಡೂಣ್ರಿ, ಎಲ್ಲೈತೋ ಅಲ್ಲೇ ಇರ್ಲಿ, ಹಬ್ಬಕ್ಕ ಹೊರಗ ಒಗೀಬ್ಯಾಡ್ರಿ ಅಷ್ಟ’ ಎಂದು ಹೇಳಿ ಬನ್ನಿ. ಮೊದಲ ಭೇಟಿಯಿಂದ ಆಗಬೇಕಾದದ್ದು ಇಷ್ಟೇ: ಅದು ರದ್ದಿಗೆ ಹೋಗಬಾರದು.

ಎರಡನೆಯ ಭೇಟಿಯಲ್ಲಿ ಅಂಜಿಕೆಗಳು ಒಂದೊಂದಾಗಿ ಹೊರಬರುತ್ತವೆ.

‘ಕಾಗದ ಕೊಟ್ಟರ ಹೊಲ ಹೋದೀತು’ ಎಂಬುದು ಮೊದಲನೆಯದು. ಇದನ್ನು ನಕ್ಕು ತಳ್ಳಿಹಾಕಬೇಡಿ, ಅದರಲ್ಲಿ ಅರ್ಥವಿದೆ. ಹಳೆಯ ಕಾಗದ ಕೊಟ್ಟಮಾತ್ರಕ್ಕೆ ಹೊಲದ ಹಕ್ಕು ಬದಲಾಗುವುದಿಲ್ಲ, ನಿಜ. ಆದರೆ 30 ವರ್ಷ ಮೀರಿದ ಕಾಗದ ಸರಿಯಾದ ವಶದಿಂದ ಹಾಜರಾದರೆ ನ್ಯಾಯಾಲಯ ಅದನ್ನು ಅಸಲಿಯೆಂದು ಭಾವಿಸಬಹುದು ಎಂಬ ನಿಯಮ ಸಾಕ್ಷ್ಯ ಕಾನೂನಿನಲ್ಲಿದೆ. ಹಾಗಾಗಿ ಹೊಲ-ಮನೆಗೆ ಸಂಬಂಧಿಸಿದ ಯಾವ ಕಾಗದದ ಬಗ್ಗೆಯೂ ಸಂಶಯವಿದ್ದರೆ ಅಸಲು ಮನೆಯಲ್ಲೇ ಇರಲಿ, ಚಿತ್ರ ಮಾತ್ರ ಪತ್ರಾಗಾರಕ್ಕೆ ಹೋಗಲಿ. ಇದನ್ನು ನೀವಾಗಿಯೇ ಮೊದಲು ಹೇಳಿ. ‘ಇದು ನಿಮ್ಮ ಹೊಲದ್ದೈತ್ರಿ, ಇದನ್ನ ನೀವ ಇಟಗೊಳ್ರಿ’ ಎಂದು ಒಂದು ಕಾಗದ ತಿರುಗಿ ಕೊಟ್ಟವರ ಮೇಲೆ ಬರುವ ನಂಬಿಕೆ ನೂರು ಭಾಷಣಗಳಿಂದ ಬರುವುದಿಲ್ಲ.

ಎರಡನೆಯದು ಮಾನದ ಪ್ರಶ್ನೆ. ಸಾಲದ ಕಾಗದ, ಒತ್ತಿ ಪತ್ರ, ಅಣ್ಣತಮ್ಮಂದಿರ ಜಗಳ, ಜಾತಿ ಪಂಚಾಯತಿಯ ನಿರ್ಣಯ. ಮೋಡಿ ಬಲ್ಲವರನ್ನು ಕರೆದೊಯ್ದಿದ್ದರೆ ಅವರು ಅಂಗಳದಲ್ಲಿ, ನೆರೆಯವರ ಮುಂದೆ ಗಟ್ಟಿಯಾಗಿ ಓದಬಾರದು. ಯಾರ ಅಜ್ಜ ಯಾರಲ್ಲಿ ಸಾಲ ಮಾಡಿದ್ದ ಎಂಬುದು ಇಂದಿಗೂ ಇಬ್ಬರು ನೆರೆಯವರ ಮಾತು ಬಿಡಿಸಬಲ್ಲದು. ಒಳಗೆ ಕುಳಿತು ಮನೆಯ ಹಿರಿಯರಿಗಷ್ಟೇ ಅರ್ಥ ಹೇಳಿ. ಮುಚ್ಚಿಡಬೇಕಾದದ್ದನ್ನು 20 ಅಥವಾ 30 ವರ್ಷ ಮುದ್ರೆ ಹಾಕಿ ಇಡಬಹುದು ಎಂದು ತಿಳಿಸಿ.

ಮೂರನೆಯದು ರೊಕ್ಕ. ‘ಇವು ಲಕ್ಷಗಟ್ಟಲೆ ಬಾಳ್ತಾವಂತ?’ ಎಂದು ಕೇಳುವವರಿದ್ದಾರೆ. ನೇರವಾಗಿ ಹೇಳಿ: ಪತ್ರಾಗಾರಕ್ಕೆ ಕೊಡುವುದು ದಾನ, ಅದಕ್ಕೆ ಬೆಲೆ ಕಟ್ಟುವುದಿಲ್ಲ. ಜೊತೆಗೆ ಇನ್ನೊಂದು ತಿಳಿಸಿ. 1972ರ ಪ್ರಾಚೀನ ವಸ್ತುಗಳ ಕಾಯ್ದೆಯ ಪ್ರಕಾರ 75 ವರ್ಷಕ್ಕಿಂತ ಹಳೆಯ, ಐತಿಹಾಸಿಕ ಅಥವಾ ಸಾಹಿತ್ಯಿಕ ಮಹತ್ವದ ಹಸ್ತಪ್ರತಿ ಪ್ರಾಚೀನ ವಸ್ತುವಾಗುತ್ತದೆ. ಖಾಸಗಿಯವರು ಅದನ್ನು ದೇಶದ ಹೊರಗೆ ಸಾಗಿಸುವಂತಿಲ್ಲ. ವಿದೇಶದಲ್ಲಿರುವ ಮಗ ನೆನಪಿಗೆಂದು ಓಲೆಗರಿ ಕಟ್ಟು ಒಯ್ಯುತ್ತೇನೆ ಎಂದರೆ ಇದು ನೆನಪಿರಲಿ.

ನಾಲ್ಕನೆಯದು ಹೆಚ್ಚಾಗಿ ಹೊರಗೆ ಬಾರದ ಅಂಜಿಕೆ: ಕೊಟ್ಟಮೇಲೆ ನಮ್ಮ ಹೆಸರೇ ಉಳಿಯದೇನೋ. ಅದಕ್ಕೆ ಉತ್ತರ ಮುಂದಿನ ದಾನಪತ್ರದಲ್ಲಿದೆ.

ಊರಿಗೊಂದು ಕಾಗದದ ದಿನ

ಮನೆಮನೆಗೆ ಹೋಗುವುದರ ಜೊತೆಗೆ ವರ್ಷಕ್ಕೊಮ್ಮೆ ಸಂತೆಯ ದಿನ ಶಾಲೆಯಲ್ಲೋ ಗ್ರಂಥಾಲಯದಲ್ಲೋ ಎಲ್ಲರೂ ‘ಮನೆಯ ಒಂದು ಹಳೆ ಕಾಗದ’ ತರುವಂತೆ ಮಾಡಿ. ಮೂರು ಮೇಜು ಸಾಕು: ಒಂದರಲ್ಲಿ ಲಿಪಿ ಓದಿ ಹೇಳುವವರು, ಒಂದರಲ್ಲಿ ಫೋಟೋ ತೆಗೆಯುವವರು, ಒಂದರಲ್ಲಿ ಹೆಸರು-ಊರು ಬರೆದುಕೊಳ್ಳುವವರು. ಅಸಲನ್ನು ಅಂದೇ ಅವರ ಕೈಗೆ ತಿರುಗಿ ಕೊಡಿ. ಅಂದು ದಾನ ಸ್ವೀಕರಿಸಲೇಬೇಡಿ. ಗದ್ದಲದಲ್ಲಿ ಪಟ್ಟಿ ತಪ್ಪುತ್ತದೆ, ಮನೆಯ ಉಳಿದವರನ್ನು ಕೇಳದೆ ತಂದವರು ಮರುದಿನ ಬಂದು ಜಗಳ ತೆಗೆಯುತ್ತಾರೆ. ನೋಡಲು ಇಡುವ ಪ್ರದರ್ಶನದಲ್ಲಿಯೂ ನಕಲುಗಳನ್ನೇ ಇಡಿ.

ಕಾಲವನ್ನು ನೋಡಿಕೊಳ್ಳಿ. ಮಾತುಕತೆಗೆ ಮಳೆಗಾಲ ಒಳ್ಳೆಯದು, ಅದೂ ಹಟ್ಟಿಹಬ್ಬಕ್ಕಿಂತ ಎರಡು ತಿಂಗಳು ಮುಂಚೆ. ಕಾಗದ ಬಿಚ್ಚುವುದು, ಸಾಗಿಸುವುದು ನವೆಂಬರ್‌ನಿಂದ ಫೆಬ್ರುವರಿ ತನಕ. ಕಲಘಟಗಿ, ಹಾನಗಲ್ ಕಡೆ ಆಷಾಢದಲ್ಲಿ ಗಂಟು ಬಿಚ್ಚಿದರೆ ಕಾಗದ ಗಾಳಿಯ ತೇವ ಹೀರಿ ಬೂಸಲು ಹಿಡಿಯುತ್ತದೆ.

ಗಂಟು ಬಿಚ್ಚುವುದು, ಚಿತ್ರ ತೆಗೆಯುವುದು, ಪಟ್ಟಿ ಬರೆಯುವುದು

ಕಾಗದಗಳು ಯಾವ ಕ್ರಮದಲ್ಲಿವೆಯೋ ಅದೇ ಕ್ರಮದಲ್ಲಿರಲಿ. ಇಸವಿಯ ಪ್ರಕಾರ ಜೋಡಿಸೋಣ, ಪತ್ರ ಬೇರೆ ಲೆಕ್ಕ ಬೇರೆ ಮಾಡೋಣ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಸನದಿನ ಜೊತೆ ಒಂದು ಬಿತ್ತನೆ ಬೀಜದ ಚೀಟಿ ಮಡಚಿಟ್ಟಿದ್ದರೆ ಅಜ್ಜ ಅವೆರಡನ್ನು ಒಟ್ಟಿಗೆ ಇಟ್ಟಿದ್ದಕ್ಕೆ ಕಾರಣವಿರುತ್ತದೆ. ಬೇರ್ಪಡಿಸಿದರೆ ಆ ಕಾರಣ ಸತ್ತುಹೋಗುತ್ತದೆ. ಗಂಟು ಬಿಚ್ಚುವ ಮುನ್ನ ಇಡೀ ಗಂಟಿನ ಒಂದು ಚಿತ್ರ, ಬಿಚ್ಚಿದ ಮೇಲೆ ಒಂದು ಚಿತ್ರ ತೆಗೆದಿಡಿ.

ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಕಾಗದಕ್ಕೆ ಬಟ್ಟೆಯ ಕೈಗವಸು ಬೇಡ: ಬೆರಳಿಗೆ ಅಂಚು ತಿಳಿಯದೆ ಹರಿಯುತ್ತದೆ. ಫೋಟೋ, ನೆಗೆಟಿವ್‌ಗಳಿಗೆ ಮಾತ್ರ ಕೈಗವಸು ಬೇಕು. ಪೂಜೆಯ ವಹಿಗಳ ಮೇಲಿನ ಅರಿಷಿಣ-ಕುಂಕುಮವನ್ನು ಒರೆಸಬೇಡಿ, ಅದೂ ಆ ವಹಿಯ ಭಾಗ.

ಚಿತ್ರಕ್ಕೆ ಪಡಸಾಲೆಯ ಬೆಳಕು ಸಾಕು. ನೇರ ಬಿಸಿಲೂ ಬೇಡ, ಫ್ಲ್ಯಾಶೂ ಬೇಡ. ಎ4 ಹಾಳೆಯನ್ನು ಇಂಚಿಗೆ 300 ಚುಕ್ಕೆಯಂತೆ ಹಿಡಿಯಲು 2480 × 3508 ಪಿಕ್ಸೆಲ್ ಬೇಕು, ಅಂದರೆ ಸುಮಾರು 8.7 ಮೆಗಾಪಿಕ್ಸೆಲ್. ಹಾಗಾಗಿ 12 ಮೆಗಾಪಿಕ್ಸೆಲ್ ಫೋನು ಎ4 ತನಕ ನಡೆಯುತ್ತದೆ. ಅದಕ್ಕಿಂತ ದೊಡ್ಡ ಹಾಳೆಯನ್ನು ಒಂದರ ಮೇಲೊಂದು ಸ್ವಲ್ಪ ಹಾಯುವಂತೆ ಭಾಗಭಾಗವಾಗಿ ತೆಗೆಯಿರಿ. ಹಾಳೆಯನ್ನು ಬೆಳ್ಳಗೆ ಮಾಡುವ ಸ್ಕ್ಯಾನರ್ ಆ್ಯಪ್ ಬಳಸಬೇಡಿ. ಮಸುಕಾದ ಮೊಹರು, ಪೆನ್ಸಿಲ್ ಗುರುತುಗಳನ್ನು ಅದು ಕಲೆಯೆಂದು ಅಳಿಸಿಬಿಡುತ್ತದೆ. ಪ್ರತಿ ಚಿತ್ರದಲ್ಲಿ ಹಾಳೆಯ ಪಕ್ಕ 15 ಸೆಂ.ಮೀ. ಅಳತೆಪಟ್ಟಿ, ಸಂಖ್ಯೆ ಬರೆದ ಚೀಟಿ ಇರಲಿ. ಖಾಲಿ ಹಿಂಬದಿಯನ್ನೂ ತೆಗೆಯಿರಿ. ವಾಟ್ಸಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಗಾತ್ರ ಕುಗ್ಗಿ ಅಕ್ಷರ ಒಡೆಯುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೆ ಪೆನ್‌ಡ್ರೈವ್‌ನಲ್ಲಿ ಕೊಡಿ. ಒಂದು ಪ್ರತಿ ಅಂದೇ ಮನೆಯವರಿಗೆ ಸಿಗಬೇಕು. ಮೊದಲು ಕೊಟ್ಟು ಆಮೇಲೆ ಪಡೆಯುವುದು ಈ ಕೆಲಸದ ಕ್ರಮ.

ಪಟ್ಟಿಯಲ್ಲಿ ಸಂಖ್ಯೆ, ಏನು, ಎಷ್ಟು ಹಾಳೆ, ಭಾಷೆ-ಲಿಪಿ, ಮೇಲಿರುವ ಕಾಲ, ಸ್ಥಿತಿ, ಮನೆಯವರು ಹೇಳಿದ ಮಾತು ಇಷ್ಟು ಕಲಮು ಸಾಕು. ಕಾಲವನ್ನು ಕಾಗದದಲ್ಲಿ ಇದ್ದಂತೆಯೇ ಬರೆಯಿರಿ, ಇಸವಿಯನ್ನು ಪಕ್ಕದಲ್ಲಿ ಬೇರೆ ಬರೆಯಿರಿ. ಶಕ ವರ್ಷಕ್ಕೆ 78, ಇಲ್ಲಿಯ ಫಸಲಿಗೆ (ಕಂದಾಯ ಲೆಕ್ಕದ ವರ್ಷಕ್ಕೆ) 590 ಕೂಡಿಸಿದರೆ ಇಸವಿ ಸಿಗುತ್ತದೆ; ತಿಂಗಳು ನೋಡಿಕೊಂಡು ಒಂದು ವರ್ಷ ಹೆಚ್ಚಾಗಬಹುದು. ಶಕ 1822, ಫಸಲಿ 1310 ಎರಡೂ 1900ರ ಸುಮಾರು. ಬರೀ ‘ಶಾರ್ವರಿ ಸಂವತ್ಸರ’ ಎಂದಿದ್ದರೆ ಅದು 1900 ಆಗಬಹುದು, 1960 ಆಗಬಹುದು, 2020 ಕೂಡ ಆಗಬಹುದು, ಯಾಕೆಂದರೆ ಅದು 60 ವರ್ಷಕ್ಕೊಮ್ಮೆ ತಿರುಗುತ್ತದೆ. ಆಗ ಬೇರೆ ಗುರುತು ನೋಡಿ: ಸ್ಟಾಂಪಿನ ಮೇಲಿನ ರಾಣಿ ವಿಕ್ಟೋರಿಯಾ, ಏಳನೆಯ ಎಡ್ವರ್ಡ್, ಐದನೆಯ ಅಥವಾ ಆರನೆಯ ಜಾರ್ಜ್ ಮುಖ ಕಾಲವನ್ನು ಹೇಳುತ್ತದೆ. ಲೆಕ್ಕ ಆಣೆ-ಪೈಗಳಲ್ಲಿದ್ದರೆ ಹೆಚ್ಚಾಗಿ 1957ರ ಏಪ್ರಿಲ್‌ಗಿಂತ ಹಿಂದಿನದು, ನಯಾಪೈಸೆ ಬಂದದ್ದು ಆಗ.

ಮನೆಯವರು ಹೇಳಿದ ಮಾತಿನ ಕಲಮನ್ನು ತುಂಬಿಸುವುದಕ್ಕೆ ಸಮಯ ಕೊಡಿ. ಹಳೆಯ ಫೋಟೋದಲ್ಲಿ ಎಡದಿಂದ ಮೂರನೆಯವರು ಯಾರು ಎಂದು ಹೇಳಬಲ್ಲವರು ಊರಿನಲ್ಲಿ ಒಬ್ಬರೇ ಉಳಿದಿರಬಹುದು. ಹೆಸರನ್ನು ಫೋಟೋದ ಹಿಂದೆ ಬಾಲ್‌ಪೆನ್ನಿನಿಂದ ಬರೆಯಬೇಡಿ, ಒತ್ತು ಮುಂದೆ ಮೂಡುತ್ತದೆ. ಬೇರೆ ಹಾಳೆಯಲ್ಲಿ ಬರೆದು ಅದೇ ಸಂಖ್ಯೆ ಕೊಡಿ.

ದಾನಪತ್ರ

ಚರ ವಸ್ತುವಿನ ದಾನಕ್ಕೆ ನೋಂದಣಿ ಕಡ್ಡಾಯವಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 123ನೇ ಕಲಮಿನ ಪ್ರಕಾರ ವಸ್ತುವನ್ನು ಒಪ್ಪಿಸಿದರೆ ದಾನ ಆಗುತ್ತದೆ. ಆದರೂ ಪತ್ರ ಬೇಕೇಬೇಕು. ಪತ್ರವಿಲ್ಲದೆ ಬಂದ ಕಟ್ಟಿಗೆ ಹತ್ತು ವರ್ಷದ ಮೇಲೆ ಒಬ್ಬ ಮೊಮ್ಮಗ ಬಂದು ‘ನಮ್ಮ ಕಾಕಾ ಯಾರನ್ನ ಕೇಳಿ ಕೊಟ್ಟ?’ ಎಂದರೆ ಸಂಸ್ಥೆ ನಿರುತ್ತರವಾಗುತ್ತದೆ.

ಯಾರು ಸಹಿ ಮಾಡಬೇಕು ಎಂಬುದೇ ಹೆಚ್ಚು ಕೆಡುವ ಜಾಗ. ಟ್ರಂಕು ಇರುವ ಮನೆಯವರೇ ಅದರ ಒಡೆಯರೆಂದು ತಿಳಿಯಬೇಡಿ. ವಾಟ್ನಿಯಲ್ಲಿ ಹೊಲ, ಮನೆ, ಪಾತ್ರೆ ಹಂಚಿರುತ್ತಾರೆ. ಕಾಗದವನ್ನು ಯಾರೂ ಹಂಚಿರುವುದಿಲ್ಲ. ಅಣ್ಣತಮ್ಮಂದಿರು, ಅಕ್ಕತಂಗಿಯರು, ತೀರಿದವರ ಮಕ್ಕಳು ಎಲ್ಲರ ಹೆಸರು ಬರೆದುಕೊಂಡು ಒಬ್ಬೊಬ್ಬರ ಒಪ್ಪಿಗೆ ಪಡೆಯಿರಿ. ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುವವರಿಂದ ಸಹಿ ಮಾಡಿದ ಪತ್ರ ತರಿಸಿ. ಒಬ್ಬರು ಒಪ್ಪದಿದ್ದರೆ ಚಿತ್ರಗಳಷ್ಟೇ ಸಾಕು, ಅಸಲು ಮನೆಯಲ್ಲೇ ಇರಲಿ.

ಹಕ್ಕುಸ್ವಾಮ್ಯ ಬೇರೆ ವಿಷಯ. ಪತ್ರದ ಹಾಳೆ ಅದು ಯಾರಿಗೆ ಬಂತೋ ಅವರದು, ಬರಹದ ಹಕ್ಕು ಬರೆದವರದು; ಬರೆದವರು ತೀರಿದ ಮೇಲೂ ಬಹುಕಾಲ ಅದು ವಾರಸುದಾರರದಾಗಿರುತ್ತದೆ. ಧಾರವಾಡದ ಮನೆಗಳಲ್ಲಿ ಸಾಹಿತಿಗಳ, ಸಂಗೀತಗಾರರ ಪತ್ರಗಳು ಸಿಗುವುದರಿಂದ ಇದು ಬರೀ ಕಾನೂನಿನ ಮಾತಲ್ಲ. ದಾನಿಗಳು ತಮ್ಮದಲ್ಲದ ಹಕ್ಕನ್ನು ಬರೆದುಕೊಡುವಂತೆ ಮಾಡಬೇಡಿ.

ಪತ್ರದ ಒಕ್ಕಣೆ ಹೀಗಿರಬಹುದು:

*‘ನಮ್ಮ ಮನೆತನದಲ್ಲಿ ಉಳಿದುಬಂದ, ಲಗತ್ತಿಸಿದ ಪಟ್ಟಿಯ 1ರಿಂದ ____ ರವರೆಗಿನ ಕಾಗದಪತ್ರಗಳನ್ನು ಯಾವ ಪ್ರತಿಫಲವನ್ನೂ ಪಡೆಯದೆ, ಮನಃಪೂರ್ವಕವಾಗಿ ____ ಸಂಸ್ಥೆಗೆ ಶಾಶ್ವತವಾಗಿ ದಾನ ಕೊಟ್ಟಿದ್ದೇವೆ. ಇವು ನಮ್ಮ ಸ್ವಂತದವು; ಕೊಡಲು ಹಕ್ಕುಳ್ಳ ಎಲ್ಲರೂ ಕೆಳಗೆ ಸಹಿ ಮಾಡಿದ್ದೇವೆ. ಇವುಗಳಲ್ಲಿ ನಮಗಿರುವ ಹಕ್ಕುಸ್ವಾಮ್ಯವನ್ನು ಮಾತ್ರ ಸಂಸ್ಥೆಗೆ ಬಿಟ್ಟುಕೊಡುತ್ತೇವೆ / ನಮ್ಮಲ್ಲೇ ಉಳಿಸಿಕೊಳ್ಳುತ್ತೇವೆ. ಪಟ್ಟಿಯ ____ ಸಂಖ್ಯೆಯವನ್ನು ____ ಇಸವಿಯವರೆಗೆ ಯಾರಿಗೂ ತೋರಿಸಬಾರದು. ಉಳಿದವನ್ನು ಓದಲು ಬಂದವರಿಗೆ ತೋರಿಸಬಹುದು. ಸಂಗ್ರಹವನ್ನು ಒಡೆಯದೆ ____ ಮನೆತನ, ____ ಗ್ರಾಮ ಎಂಬ ಹೆಸರಿನಲ್ಲಿ ಇಡಬೇಕು. ಸಂಸ್ಥೆಗೆ ಬೇಡವಾದದ್ದನ್ನು ಬೇರೆಯವರಿಗೆ ಕೊಡುವ ಅಥವಾ ತೆಗೆದುಹಾಕುವ ಮುನ್ನ ನಮಗೆ ತಿಳಿಸಿ ಹಿಂದಿರುಗಿಸಬೇಕು.’*

ದಾನಿಗಳ ಸಹಿ, ಸಂಸ್ಥೆಯ ಸಹಿ-ಮೊಹರು, ಇಬ್ಬರು ಸಾಕ್ಷಿ. ಎರಡು ಅಸಲು ಪ್ರತಿ ಮಾಡಿ, ಒಂದು ಮನೆಯವರಿಗೆ. ‘ಹಿಂದಿರುಗಿಸಬೇಕು’ ಎಂಬ ಕೊನೆಯ ಸಾಲನ್ನು ಮರೆಯಬೇಡಿ. ದಾನ ಬಂದದ್ದು ಮತ್ತೆ ರದ್ದಿಗೆ ಹೋಗದಂತೆ ತಡೆಯುವ ಸಾಲು ಅದೊಂದೇ. ಶಾಶ್ವತವಾಗಿ ಕೊಡಲು ಮನಸ್ಸು ಬಾರದವರಿಗೆ ಸ್ಕ್ಯಾನ್ ಮಾಡಲು ಮಾತ್ರ 30 ದಿನ ಕೊಡುವ ಬೇರೆ ಒಪ್ಪಂದ ಇಟ್ಟುಕೊಳ್ಳಿ. ‘ಸದ್ಯ ಇಟಗೊಳ್ರಿ, ಆಮ್ಯಾಲೆ ನೋಡೂಣು’ ಎಂಬ ನಡುವಿನ ಸ್ಥಿತಿಗೆ ಮಾತ್ರ ಒಪ್ಪಬೇಡಿ.

ಕಟ್ಟುವುದು, ಒಯ್ಯುವುದು

ಮಾಡಬಾರದ್ದನ್ನು ಮೊದಲು ಹೇಳುತ್ತೇವೆ, ಯಾಕೆಂದರೆ ಪ್ರೀತಿಯಿಂದ ಮಾಡಿದ ರಿಪೇರಿಯೇ ಹೆಚ್ಚು ಕಾಗದಗಳನ್ನು ಕೊಂದಿದೆ. ಲ್ಯಾಮಿನೇಷನ್ ಮಾಡಿಸಬೇಡಿ: ಬಿಸಿಗೆ ಪ್ಲಾಸ್ಟಿಕ್ ಕಾಗದದ ನಾರಿನೊಳಗೆ ಇಳಿಯುತ್ತದೆ, ಮತ್ತೆ ಬಿಡಿಸಲಾಗದು. ಸೆಲೋ ಟೇಪು ಹಚ್ಚಬೇಡಿ: ಅಂಟು ಹಳದಿಯಾಗಿ ಶಾಯಿಯೊಳಗೆ ಇಂಗುತ್ತದೆ. ಬಿಸಿಲಿಗೆ ಹರವಬೇಡಿ, ಇಸ್ತ್ರಿ ಹಾಕಬೇಡಿ. ಓಲೆಗರಿಗೆ ಮನೆಯ ಎಣ್ಣೆ ಸವರಬೇಡಿ, ಅದು ತಿಳಿದವರ ಕೆಲಸ. ಸುರುಳಿಯಾಗಿ ಗಟ್ಟಿಯಾದ ಉದ್ದ ಕಾಗದವನ್ನು ಒತ್ತಿ ಬಿಡಿಸಬೇಡಿ, ಸುರುಳಿಯಾಗಿಯೇ ಕಳಿಸಿ. ತುಕ್ಕು ಹಿಡಿದ ಟಾಚಣಿ (ಗುಂಡುಪಿನ್ನು) ಸಲೀಸಾಗಿ ಬಂದರೆ ತೆಗೆಯಿರಿ, ಅಂಟಿಕೊಂಡಿದ್ದರೆ ಬಿಡಿ. ರಬ್ಬರ್ ಬ್ಯಾಂಡುಗಳನ್ನು ಮಾತ್ರ ತೆಗೆದುಬಿಡಿ, ಅವು ಕರಗಿ ಹಾಳೆಗೆ ಮೆತ್ತಿಕೊಳ್ಳುತ್ತವೆ.

ಧೂಳನ್ನು ಮೆತ್ತನೆಯ ಒಣ ಬ್ರಷ್‌ನಿಂದ ನಡುವಿನಿಂದ ಅಂಚಿಗೆ ತಳ್ಳಿ. ಪ್ರತಿ ಕಟ್ಟನ್ನು ಗಂಜಿ ಹೋಗುವಂತೆ ಎರಡು ಸಲ ತೊಳೆದು ಒಣಗಿಸಿದ ಬಿಳಿಯ ಖಾದಿಯಲ್ಲಿ ಸುತ್ತಿ. ಗಂಜಿ ಹುಳಕ್ಕೆ ಊಟ. ಹಳೆಯ ಕೆಂಪು ಅರಿವೆಯನ್ನು ಎಸೆಯಬೇಡಿ, ಅದರ ಮೇಲೂ ಬರಹವಿರಬಹುದು, ಆದರೆ ಬೇರೆಯಾಗಿ ಕಳಿಸಿ. ತೇವ ತಾಗಿದರೆ ಬಣ್ಣ ಬಿಡುತ್ತದೆ. ಸಂಖ್ಯೆಯನ್ನು ಚೀಟಿಯ ಮೇಲೆ 2ಬಿ ಪೆನ್ಸಿಲ್‌ನಲ್ಲಿ ಬರೆದು ದಾರದಿಂದ ಕಟ್ಟಿ. ಪೆಟ್ಟಿಗೆಯಲ್ಲಿ ಮಲಗಿಸಿ ಇಡಿ, ದೊಡ್ಡದು ಕೆಳಗೆ ಸಣ್ಣದು ಮೇಲೆ, ಒಂದು ಪೆಟ್ಟಿಗೆ 12-15 ಕೆಜಿ ಮೀರದಿರಲಿ. ಡಾಂಬರು ಗುಳಿಗೆ ಹಾಕಬೇಡಿ.

ಸೋರಿದ ಟ್ರಂಕು ಸಿಕ್ಕರೆ ಕೆಲಸ ಬೇರೆ. ಒದ್ದೆ ಕಾಗದಕ್ಕೆ 48 ಗಂಟೆಯೊಳಗೆ ಬೂಸಲು ಶುರುವಾಗುತ್ತದೆ. ಸ್ವಲ್ಪವಿದ್ದರೆ ಅಚ್ಚಾಗದ ಖಾಲಿ ಹಾಳೆಗಳನ್ನು ನಡುವೆ ಇಟ್ಟು, ಫ್ಯಾನ್ ಗಾಳಿ ನೇರ ತಾಗದಂತೆ ಕೋಣೆಯಲ್ಲಿ ತಿರುಗುವಂತೆ ಮಾಡಿ ಒಣಗಿಸಿ. ಅಚ್ಚಾದ ಸುದ್ದಿಪತ್ರಿಕೆ ಇಡಬಾರದು, ಶಾಯಿ ಹತ್ತುತ್ತದೆ. ಹೆಚ್ಚಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಡೀಪ್ ಫ್ರೀಜರ್‌ನಲ್ಲಿಟ್ಟು ಪತ್ರಾಗಾರದವರಿಗೆ ಫೋನ್ ಮಾಡಿ; ಹೆಪ್ಪುಗಟ್ಟಿದ ಕಾಗದದಲ್ಲಿ ಬೂಸಲು ಬೆಳೆಯುವುದಿಲ್ಲ, ನಿಮಗೆ ಸಮಯ ಸಿಗುತ್ತದೆ. ಬೂಸಲು ಹಿಡಿದದ್ದನ್ನು ಎನ್95 ಮಾಸ್ಕ್ ಹಾಕಿಕೊಂಡೇ ಮುಟ್ಟಿ, ಒಳ್ಳೆಯ ಕಟ್ಟುಗಳ ಜೊತೆ ಒಂದೇ ಗಾಡಿಯಲ್ಲಿ ಒಯ್ಯಬೇಡಿ.

ಒಪ್ಪಿಸಿದ ಮೇಲೆ

ಶಾಲು-ಹಾರದ ಕಾರ್ಯಕ್ರಮ ಮಾಡಿದರೆ ತಪ್ಪಿಲ್ಲ, ಆದರೆ ಅಂದೇ ಪಟ್ಟಿ ತಾಳೆ ನೋಡಿ ಸಂಸ್ಥೆಯವರು ಪಟ್ಟಿಯ ಪ್ರತಿ ಹಾಳೆಯ ಮೇಲೆ ಸಹಿ ಮಾಡಬೇಕು. ದಾಖಲಾತಿ ಸಂಖ್ಯೆ 15 ದಿನದೊಳಗೆ ಬರದಿದ್ದರೆ ನೀವೇ ಹೋಗಿ ಕೇಳಿ. ನಡುವಿನವರಾದ ನಿಮ್ಮ ಮಾತಿನ ಮೇಲೆ ಆ ಮನೆಯವರು ಟ್ರಂಕು ತೆರೆದಿದ್ದಾರೆ. ಆರು ತಿಂಗಳೊಳಗೆ ಒಂದು ದಿನ ಮನೆಯ ಹಿರಿಯರನ್ನು, ಜೊತೆಗೆ ಓದುವ ಮಕ್ಕಳನ್ನು ಪತ್ರಾಗಾರಕ್ಕೆ ಕರೆದೊಯ್ದು ಅವರ ಕಟ್ಟನ್ನು ತೆಗೆಸಿ ತೋರಿಸಿ. ಯಾರಾದರೂ ಆ ಕಾಗದ ಬಳಸಿ ಲೇಖನ ಬರೆದರೆ ಒಂದು ಪ್ರತಿ ಮನೆಗೆ ತಲುಪಿಸಿ. ಮುಂದಿನ ಮನೆಯ ಬಾಗಿಲು ತೆರೆಯುವುದು ಈ ಮನೆಯವರ ಮಾತಿನಿಂದ.

ಕೊನೆಯ ಕೆಲಸ ಖಾಲಿಯಾದ ಟ್ರಂಕಿನದು. ದಾನಪತ್ರದ ಪ್ರತಿ, ಪಟ್ಟಿ, ಪೆನ್‌ಡ್ರೈವ್ ಮೂರನ್ನೂ ಅದರಲ್ಲೇ ಇಡಿಸಿ. ಸಂಸ್ಥೆಯ ಹೆಸರು, ಊರು, ದಾಖಲಾತಿ ಸಂಖ್ಯೆ ಬರೆದ ಒಂದು ಹಾಳೆಯನ್ನು ಮುಚ್ಚಳದ ಒಳಬದಿಗೆ ಅಂಟಿಸಿ, ಮುಂದೆಂದೋ ಸುಣ್ಣ ಬಳಿಯುವಾಗ ಅದನ್ನು ಇಳಿಸುವವರ ಕಣ್ಣಿಗೆ ಮೊದಲು ಅದೇ ಬೀಳುವಂತೆ.